ನಿಸ್ತಂತು ಸ್ಟೈಲಸ್‌ನ ಬ್ಯಾಟರಿ ಬರಿದಾಗುವಿಕೆ

ಟ್ಯಾಬ್ಲೆಟ್‌ನ ಪರದೆಯ ಮೇಲೆ ಬರೆಯಲು ಬಳಸುವ ನಿಸ್ತಂತು ಸ್ಟೈಲಸ್ (ವಿದ್ಯುನ್ಮಾನ ಲೇಖನಿ) ಬಳಕೆಯಲ್ಲಿಲ್ಲದಿದ್ದಾಗಲೂ ತನ್ನ ಬ್ಯಾಟರಿಯ ಚಾರ್ಜನ್ನು ಕಳೆದುಕೊಳ್ಳುತ್ತದೆ. 2015ರಲ್ಲಿ ಬಿಡುಗಡೆಯಾದ ಮೊದಲ ತಲೆಮಾರಿನ ಆಪಲ್ ಪೆನ್ಸಿಲ್ ಇದಕ್ಕೊಂದು ಉದಾಹರಣೆ. ತಯಾರಕರ ಪ್ರಕಾರ, ಪೂರ್ಣ ಚಾರ್ಜ್ ಆದ ಈ ಪೆನ್ಸಿಲ್‌ನಿಂದ 12 ಗಂಟೆಗಳ ಕಾಲ ಬರೆಯಬಹುದು; 15 ಸೆಕೆಂಡು ಚಾರ್ಜ್ ಮಾಡಿದರೆ ಸುಮಾರು 30 ನಿಮಿಷ ಬರೆಯಬಹುದು.

ಟ್ಯಾಬ್ಲೆಟ್‌ನೊಂದಿಗಿನ ಬ್ಲೂಟೂತ್ ಸಂಪರ್ಕ ಹಾಗೂ ಲಿಥಿಯಂ-ಅಯಾನ್ ಬ್ಯಾಟರಿಯ ಚಾರ್ಜ್ ತಾನಾಗಿಯೇ ಇಳಿಯುವ ಗುಣ ಇದಕ್ಕೆ ಕಾರಣಗಳು. ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಇಟ್ಟ ಬ್ಯಾಟರಿಯ ವೋಲ್ಟೇಜ್ ಅತಿಯಾಗಿ ಕುಸಿದರೆ ಅದು ಮತ್ತೆ ಚಾರ್ಜ್ ಆಗದೆ ಹೋಗಬಹುದು. ಈ ಪೆನ್ಸಿಲ್‌ನ ಬ್ಯಾಟರಿಯನ್ನು ಬಳಕೆದಾರರು ಬದಲಿಸುವಂತಿಲ್ಲ. ಆದ್ದರಿಂದ ಬಳಸದಿದ್ದರೂ ಆಗಾಗ ಚಾರ್ಜ್ ಮಾಡುವುದು ಅವಶ್ಯಕ. 2018ರಲ್ಲಿ ಬಂದ ಎರಡನೆಯ ತಲೆಮಾರಿನ ಪೆನ್ಸಿಲ್, ಐಪ್ಯಾಡ್‌ನ ಅಂಚಿಗೆ ಅಯಸ್ಕಾಂತದ ಮೂಲಕ ಅಂಟಿಕೊಂಡು ಚಾರ್ಜ್ ಆಗುತ್ತದೆ.