ಕರಾವಳಿ ರೈಡ್, ಭಾಗ 3: ಮೊದಲು ಹೊಳೆ ಎಣಿಸಿ

ಮಂಗಳೂರಿಂದ ಕಾರವಾರ ದಾಟಿ ಗೋವಾಕ್ಕೆ ಗ್ಯಾಂಗ್ ಕಟ್ಕೊಂಡು ಹೊರಟಿದ್ದೀರಾ? ಕಿಲೋಮೀಟರ್ ಲೆಕ್ಕ ಆಮೇಲೆ. ಮೊದಲು ಹೊಳೆ ಎಣಿಸಿ. ಗುರುಪುರ, ಶಾಂಭವಿ, ಸ್ವರ್ಣಾ, ಸೀತಾ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಚಿಕ್ಕಪುಟ್ಟವು ಬಿಟ್ಟೇ ಇಷ್ಟು.

ಹಿಂದೆ ಇಲ್ಲಿ ವ್ಯಾಪಾರದ ದಾರಿ ದಡದುದ್ದಕ್ಕೂ ಇರಲಿಲ್ಲ. ಘಟ್ಟದ ಕಾಳುಮೆಣಸು ಹೊಳೆ ಹಿಡಿದು ಬಂದರಿಗೆ ಇಳೀತಿತ್ತು. ಬಂದರಿಂದ ಬಂದರಿಗೆ ಸಮುದ್ರವೇ ಹೆದ್ದಾರಿ. ಅದಕ್ಕೇ ನೋಡಿ, ಪೋರ್ಚುಗೀಸರು 'ಮೆಣಸಿನ ರಾಣಿ' ಅಂತಿದ್ದ ಚೆನ್ನಭೈರಾದೇವಿಯ ಗೇರುಸೊಪ್ಪೆ ಶರಾವತಿ ದಂಡೆಯಲ್ಲಿ, ಮಿರ್ಜಾನ್ ಕೋಟೆ ಅಘನಾಶಿನಿ ಹತ್ತಿರ, ಸದಾಶಿವಗಡ ಕಾಳಿಯ ಬಾಯಲ್ಲಿ. ನಮ್ಮ ಗಾಡಿಗಳಿಗೆ ಉದ್ದಕ್ಕೂ ದಾರಿ ಮಾಡಿಕೊಟ್ಟಿದ್ದು 20ನೇ ಶತಮಾನದ ಸೇತುವೆಗಳು. ಅದಕ್ಕೂ ಮುಂಚೆ ದೋಣಿ, ತಾರಿ.

ಸೇತುವೆ ಇದೆ ಅಂತ ಮೈಮರೆಯೋ ಹಾಗಿಲ್ಲ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ಪ್ರಾಣ ಕಳ್ಕೊಂಡ್ರು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು. ಚಾಲಕ ಬದುಕಿದ. ಮಳೆಗಾಲದಲ್ಲಿ ಹೊರಡಲೇಬೇಡಿ, ದೀಪಾವಳಿ ಕಳೀಲಿ.

ಗುಂಪು ಕೂಡೋ ಜಾಗವನ್ನ ಪ್ರತಿ ದೊಡ್ಡ ಹೊಳೆಯ ಆಚೆ ದಡಕ್ಕೆ ಇಡಿ, ತಲೆ ಎಣಿಸಿ, ಮುಂದೆ ಹೋಗಿ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ. ಫೋಟೋಗೆ ನಿಲ್ತೀರಿ, ಗೊತ್ತು! ಗಾಡಿ ಮಾತ್ರ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ.

ತಾರಿ ಹೇಗಿತ್ತು ನೋಡ್ಬೇಕಾ? ಕುಮಟಾದಲ್ಲಿ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿಗೆ ಹೋಗಿ. ಸಮಯ ಕೇಳ್ಕೊಂಡು, ಗಾಡಿ ಸಮೇತ ತದಡಿಗೆ ದಾಟಿ. ಗೋಕರ್ಣ ಅಲ್ಲಿಂದ ಹತ್ತಿರ.