ಜಿನ್ಸೆಂಗ್ ಜಾಡು ಹಿಡಿದು

"ಪಾಪ, ಆ ಹುಡುಗಿಗೇನು ಗೊತ್ತು? ಕೋಚ್ ಕೊಟ್ಟದ್ದು ತಗೊಂಡ್ಲು." ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಹೆಸರೆತ್ತಿದರೆ ನಮ್ಮ ಗೆಂಡೆಹಳ್ಳಿಯಲ್ಲಿ ಈಗಲೂ ಬರುವ ಮಾತು ಇದು. ದಾಖಲೆಯ ಮುಂದೆ ಈ ಮಾತು ಎಷ್ಟು ನಿಲ್ಲುತ್ತದೆಂದು ನೋಡಲು ಹಳೆಯ ಪತ್ರಿಕೆಗಳನ್ನೂ ಲಾಸಾನ್‌ನ ಕ್ರೀಡಾ ನ್ಯಾಯಮಂಡಳಿಯ ತೀರ್ಪನ್ನೂ ಓದತೊಡಗಿದೆ.

2010ರ ಕೊನೆಯ ಪುಟಗಳ ತುಂಬ ಸಂಭ್ರಮ. ಕುಂದಾಪುರ ಕಡೆಯ ರೈತರ ಮಗಳು ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದಳು. ಮುಂದಿನ ತಿಂಗಳು ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ. 2011ರ ಜುಲೈ ಹೊತ್ತಿಗೆ ಅದೇ ಹೆಸರು ಬೇರೆ ಸುದ್ದಿಯಲ್ಲಿ. ಅಶ್ವಿನಿ, ಮಂದೀಪ್ ಕೌರ್, ಸಿನಿ ಜೋಸ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವಾರ್: ಆರು ಓಟಗಾರ್ತಿಯರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಸಿಕ್ಕಿದ್ದು ಸ್ನಾಯು ಬೆಳೆಸುವ ಸ್ಟೆರಾಯ್ಡ್. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದ ಜಿನ್ಸೆಂಗ್‌ನಿಂದ ಅದು ಮೈ ಸೇರಿತೆಂಬುದು ಅವರ ವಾದ. ಕೋಚನ್ನು ಆ ವಾರವೇ ವಜಾ ಮಾಡಿದರು.

ದೇಶದೊಳಗಿನ ಶಿಸ್ತು ಸಮಿತಿ ಆ ವಾದಕ್ಕೆ ಕರಗಿ ಒಂದು ವರ್ಷದ ನಿಷೇಧ ವಿಧಿಸಿತು. ಊರಿನ "ಪಾಪ" ಎಂಬ ಮಾತಿಗೆ ಕಾನೂನಿನ ರೂಪ ಸಿಕ್ಕಿದ್ದು ಅಲ್ಲಿ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋಯಿತು. 2012ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿ ನಿಷೇಧವನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಮೈಯೊಳಗೆ ಏನು ಸೇರಿದರೂ ಅದಕ್ಕೆ ಆಟಗಾರನೇ ಹೊಣೆ, ಕೋಚ್ ಮೇಲಿನ ನಂಬಿಕೆ ಸಾಲದು ಎಂಬುದು ನಿಯಮ.

ಕಠಿಣವೇ, ಆದರೂ ನಾನು ನಿಯಮದ ಪರ. ನಮ್ಮ ಕನಿಕರದಲ್ಲಿ ಒಂದು ಅವಮಾನ ಅಡಗಿದೆ. "ಅವಳಿಗೇನು ಗೊತ್ತು" ಎನ್ನುವಾಗ ಅವಳು ತಿಳಿದುಕೊಳ್ಳಬಲ್ಲವಳೆಂಬುದನ್ನೇ ಅಲ್ಲಗಳೆಯುತ್ತೇವೆ. ಹದಿಹರೆಯದಲ್ಲೇ ಕ್ರೀಡಾ ಹಾಸ್ಟೆಲ್ ಸೇರುವ ಮಕ್ಕಳಿಗೆ, "ಸರ್, ಇದರಲ್ಲಿ ಏನಿದೆ?" ಎಂದು ಕೇಳುವ ಧೈರ್ಯವನ್ನು ನಾವು ಕಲಿಸಿದ್ದೇವೆಯೇ? ಗುರುವನ್ನು ಪ್ರಶ್ನಿಸಬಾರದೆಂದು ಹೇಳಿ ಕಳಿಸುತ್ತೇವೆ, ಪದಕ ಬಂದಾಗ ಮೆರವಣಿಗೆ ಮಾಡುತ್ತೇವೆ, ಸಿಕ್ಕಿಬಿದ್ದಾಗ ಕಣ್ಣೀರು ಹಾಕುತ್ತೇವೆ. ಕೇಳುವ ಧೈರ್ಯ ಕೊಟ್ಟಿದ್ದರೆ ಆ ಕಣ್ಣೀರಿನ ಅಗತ್ಯವೇ ಬರುತ್ತಿರಲಿಲ್ಲವೇನೋ.

ಮತ್ತೂ ಮುಂದಿನ ವರ್ಷಗಳ ಕಾಗದ ತಿರುವಿದಾಗ ನೋವು ಹೆಚ್ಚಿತು. ನಮ್ಮ ರಾಜ್ಯದವರೇ ಆದ ಓಟಗಾರ್ತಿ ಎಂ.ಆರ್. ಪೂವಮ್ಮ 2021ರ ಫೆಬ್ರುವರಿಯ ಪರೀಕ್ಷೆಯಲ್ಲಿ ಮೀಥೈಲ್‌ಹೆಕ್ಸೇನಮೈನ್ ಎಂಬ ಉತ್ತೇಜಕದೊಂದಿಗೆ ಸಿಕ್ಕಿಬಿದ್ದರು. ಶಿಸ್ತು ಸಮಿತಿ ಮೂರು ತಿಂಗಳು ಅಂದಿತು, ಮೇಲ್ಮನವಿ ಸಮಿತಿ 2022ರಲ್ಲಿ ಎರಡು ವರ್ಷ ಮಾಡಿತು. ದಶಕ ಕಳೆದರೂ ಅದೇ ಓಟ, ಶಿಕ್ಷೆ ಏರುವ ಅದೇ ಏಣಿ.

ಇನ್ನು ಒಗೊರೊದ್ನಿಕ್. ಓಟಗಾರ್ತಿಯರು ಎರಡು ವರ್ಷ ಕಳೆದುಕೊಂಡ ಪ್ರಕರಣದ ಆ ಕೋಚ್ ರಿಯೊ ಒಲಿಂಪಿಕ್ಸ್‌ಗೆ ಮೊದಲೇ ಭಾರತದ ಮಹಿಳಾ ಓಟಗಾರರ ತರಬೇತಿಗೆ ಮರಳಿದ್ದರು. ಆಗ ನಮ್ಮ ಊರಿನ ಯಾರೂ, ನಾನೂ ಸೇರಿ, ಒಂದು ಪತ್ರವನ್ನೂ ಬರೆಯಲಿಲ್ಲ.