ದೇವಾಲಯದ ಹೊಸ್ತಿಲಲ್ಲಿ ತಮಟೆ

(ಬಾನುಲಿ ಭಾಷಣ)

ಶ್ರೀನಿವಾಸಪುರದ ಮಾವಿನ ತೋಪುಗಳು ಹೂ ಬಿಡುವುದಕ್ಕೆ ಸ್ವಲ್ಪ ಮೊದಲು, ಡಿಸೆಂಬರ್ ತಿಂಗಳ ಚಳಿಯಲ್ಲಿ, ಕ್ರಿಸ್ಮಸ್ ಬರುತ್ತದೆ. ನಾನು ಕ್ರೈಸ್ತನಲ್ಲ. ಆದರೆ ಹುಡುಗನಾಗಿದ್ದಾಗ ನೆರೆಮನೆಯವರೊಡನೆ ಆ ರಾತ್ರಿಯ ಆರಾಧನೆಗೆ ಹೋಗಿ, ಹಿಂದಿನ ಚಾಪೆಯ ಮೇಲೆ ಕುಳಿತು ಹಾಡು ಕೇಳಿದ್ದುಂಟು. ಹೆಂಚಿನ ಮಾಡಿನ ಸಣ್ಣ ಮಂದಿರ. ಮುಂದೆ ಒಂದು ಹಾರ್ಮೋನಿಯಂ, ಒಂದು ಧೋಲಕ್, ಎರಡು ಜೊತೆ ತಾಳ. ಹಾಡುಗಳಲ್ಲಿ ಕೆಲವು ಕನ್ನಡ, ಕೆಲವು ತೆಲುಗು. ನಮ್ಮ ಸೀಮೆಯಲ್ಲಿ ಅದು ಸಹಜವೇ.

ಒಂದು ವರ್ಷ, ಆ ಸಭೆಯ ತರುಣನೊಬ್ಬ ಹುಲ್ಲಿನ ಬೆಂಕಿಗೆ ಕಾಯಿಸಿ ಬಿಗಿಮಾಡಿದ ತಮಟೆಯೊಂದನ್ನು ಹಿಡಿದು ಬಂದ. ಅವನು ಹೊಸ್ತಿಲು ದಾಟುವ ಮೊದಲೇ ಹಿರಿಯರೊಬ್ಬರು ಎದ್ದು ನಿಂತರು. ಸಭೆಯಲ್ಲೆಲ್ಲ ಚೆನ್ನಾಗಿ ಹಾಡುತ್ತಿದ್ದವರು ಅವರೇ. “ಬ್ಯಾಡಪ್ಪ, ಅದು ಆಚೇನೇ ಇರ್ಲಿ” ಎಂದರು. ದನಿ ಏರಿರಲಿಲ್ಲ. ತರುಣ ತಮಟೆಯನ್ನು ಹೊರಗೋಡೆಗೆ ಒರಗಿಸಿ ಒಳಗೆ ಬಂದ, ಹಾಡು ಮುಂದುವರಿಯಿತು. ಧೋಲಕ್ಕಿಗೆ ಒಳಗೆ ಎಡೆಯುಂಟು, ತಮಟೆಗೆ ಇಲ್ಲವೇಕೆ? ಇದು ಮಿಷನರಿಗಳು ಕಲಿಸಿಹೋದ ಕಟ್ಟುಪಾಡಿರಬೇಕೆಂದು ಆಗ ನಾನು ತಿಳಿದೆ. ಆ ತಿಳಿವು ಅರ್ಧ ಮಾತ್ರ ಸರಿ ಎಂಬುದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ದೇವರ ಮನೆಯಲ್ಲಿ ವಾದ್ಯಕ್ಕೆ ಸ್ಥಾನವುಂಟೆ ಎಂಬ ಪ್ರಶ್ನೆ ಕ್ರೈಸ್ತ ಲೋಕದಲ್ಲಿ ಎಷ್ಟು ಹಳೆಯದು, ಅದು ನಮ್ಮ ನೆಲಕ್ಕೆ ಬಂದಾಗ ಎಂಥ ರೂಪ ತಾಳಿತು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲಿಗೆ ಗ್ರಂಥದ ಮಾತು. ಕನ್ನಡ ಬೈಬಲಿನಲ್ಲಿ ‘ಕೀರ್ತನೆಗಳು’ ಎಂಬ ಭಾಗವೊಂದುಂಟು. ಹೆಸರು ಕೇಳಿದೊಡನೆ ನಮಗೆ ದಾಸರ ನೆನಪಾಗುತ್ತದೆ. ಅದರ ಕೊನೆಯ ಕೀರ್ತನೆ, ನೂರೈವತ್ತನೆಯದು, ವಾದ್ಯಗಳ ಮೆರವಣಿಗೆಯಂತಿದೆ: ಕೊಂಬು, ತಂತಿವಾದ್ಯ, ಕೊಳಲು, ತಾಳ ಎಲ್ಲವೂ ಅಲ್ಲಿವೆ. ಚರ್ಮವಾದ್ಯದ ಹೆಸರು ಬಂದಲ್ಲಿ ಕನ್ನಡದ ಅನುವಾದಕರು ‘ದಮ್ಮಡಿ’ ಎಂದು ಬಳಸಿದ್ದಾರೆ. ಬಳೆಗೆ ಚರ್ಮ ಬಿಗಿದು ಬಡಿಯುವ ವಾದ್ಯ. ತಮಟೆಗೆ ತೀರ ಹತ್ತಿರದ ನೆಂಟ. ಹೊಸ ಒಡಂಬಡಿಕೆಗೆ ಬಂದರೆ ಹಾಡಬೇಕೆಂಬ ಮಾತುಂಟು. ಆರಾಧನೆಯಲ್ಲಿ ವಾದ್ಯ ಬೇಕೆಂಬ ವಿಧಿಯಾಗಲಿ, ಬೇಡವೆಂಬ ನಿಷೇಧವಾಗಲಿ ಇಲ್ಲ. ಈ ಮೌನವೇ ಮುಂದಿನ ವಿವಾದಗಳಿಗೆಲ್ಲ ಎಡೆಮಾಡಿತು.

ಮೊದಲ ಶತಮಾನಗಳ ಸಭಾಪಿತೃಗಳು ವಾದ್ಯಗಳನ್ನು ದೂರವಿಟ್ಟರು. ಅಲೆಕ್ಸಾಂಡ್ರಿಯದ ಕ್ಲೆಮೆಂಟನಿಗೆ ಕೊಳಲು ಎಂದರೆ ಕುಡಿತದ ಔತಣದ ನೆನಪು. ನಾಲ್ಕನೆಯ ಶತಮಾನದ ಕ್ರಿಸೋಸ್ತಮನು, ಹಿಂದಿನ ಕಾಲದ ಯೆಹೂದ್ಯರಿಗೆ ದೇವರು ವಾದ್ಯಗಳನ್ನು ಅನುಮತಿಸಿದ್ದು ಅವರ ಮನೋದೌರ್ಬಲ್ಯವನ್ನು ಕಂಡು ಎಂದು ವ್ಯಾಖ್ಯಾನಿಸಿದ. ನಾಟಕಶಾಲೆ, ಮದುವೆಯ ಗದ್ದಲ, ಅನ್ಯದೇವತೆಗಳ ಬಲಿಪೂಜೆ, ಇವುಗಳಲ್ಲೆಲ್ಲ ಮೊಳಗಿದ ವಾದ್ಯವನ್ನು ಹೊಸ ಮತಕ್ಕೆ ಬಂದವನು ಮತ್ತೆ ಕೇಳಿದರೆ ಅವನ ಮನಸ್ಸು ಅಲ್ಲಿಗೇ ಹಿಂದಿರುಗೀತು ಎಂಬುದು ಅವರ ಅಂಜಿಕೆ. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಬಹುಪಾಲು ಇಂದಿಗೂ ಕಂಠಗಾಯನವನ್ನೇ ನಂಬಿವೆ. ಆದರೆ ಅಷ್ಟೇ ಪ್ರಾಚೀನವಾದ ಇಥಿಯೋಪಿಯದ ಸಭೆಯಲ್ಲಿ ಪಾದ್ರಿಗಳು ದೊಡ್ಡ ಡೋಲು ಬಾರಿಸುತ್ತ, ಗಿಲಕಿಗಳನ್ನು ಅಲುಗಿಸುತ್ತ, ಹೆಜ್ಜೆಯಿಟ್ಟು ಹಾಡುತ್ತಾರೆ. ಒಂದೇ ಗ್ರಂಥ, ಎರಡು ಕಿವಿ.

ಇಂದು ಚರ್ಚಿನ ವಾದ್ಯವೆಂದೊಡನೆ ಆರ್ಗನ್ ನೆನಪಿಗೆ ಬರುತ್ತದಲ್ಲವೆ? ಅದು ಹುಟ್ಟಿನಿಂದ ಚರ್ಚಿನದಲ್ಲ. ಬೈಜಾಂಟಿಯಂನಲ್ಲಿ ಅದು ಅರಮನೆಯ ಮತ್ತು ಪಂದ್ಯದ ಬಯಲಿನ ವಾದ್ಯ. ಕ್ರಿ.ಶ. 757ರಲ್ಲಿ ಚಕ್ರವರ್ತಿ ಐದನೆಯ ಕಾನ್‌ಸ್ಟಂಟೈನನು ಫ್ರಾಂಕರ ಅರಸ ಪೆಪಿನನಿಗೆ ಒಂದು ಆರ್ಗನ್ನನ್ನು ಉಡುಗೊರೆಯಾಗಿ ಕಳುಹಿಸಿದ. ರಾಜಭವನದ ಆ ವಾದ್ಯ ಮುಂದಿನ ಶತಮಾನಗಳಲ್ಲಿ ಮೆಲ್ಲಮೆಲ್ಲನೆ ಪಶ್ಚಿಮದ ದೇವಾಲಯಗಳನ್ನು ಹೊಕ್ಕು, ಅಲ್ಲೇ ಹುಟ್ಟಿದಂತೆ ನೆಲೆನಿಂತಿತು.

ಹದಿನಾರನೆಯ ಶತಮಾನದ ಸುಧಾರಣೆಯ ಕಾಲಕ್ಕೆ ಪ್ರಶ್ನೆ ಮತ್ತೆ ಎದ್ದಿತು. ಲೂಥರನಿಗೆ ಸಂಗೀತವು ದೇವರ ವರ. ಜ್ಯೂರಿಕ್ ನಗರದ ಜ್ವಿಂಗ್ಲಿ ಸ್ವತಃ ಹಲವು ವಾದ್ಯಗಳಲ್ಲಿ ಪಳಗಿದ ಕೈ. ಆದರೂ ಅವನ ನೇತೃತ್ವದಲ್ಲಿ 1524ರಲ್ಲಿ ಅಲ್ಲಿನ ಆರ್ಗನ್ನುಗಳು ಮೌನವಾದವು, 1527ರಲ್ಲಿ ಮಹಾದೇವಾಲಯದ ಆರ್ಗನ್ನನ್ನು ಕಳಚಿಯೇ ಹಾಕಲಾಯಿತು. ಸಂಗೀತ ತಿಳಿಯದವನು ಅದನ್ನು ನಿಷೇಧಿಸಿದ್ದರೆ ಅಚ್ಚರಿಯಿಲ್ಲ. ಅದರ ಸೆಳೆತವನ್ನು ಬಲ್ಲವನೇ ಅದಕ್ಕೆ ಹೆದರಿದ. ಕಾಲ್ವಿನನು ವಾದ್ಯಗಳನ್ನು ಹಳೆಯ ಒಡಂಬಡಿಕೆಯ ನೆರಳೆಂದು ಕರೆದು ಕಂಠದ ಕೀರ್ತನೆಯೊಂದನ್ನೇ ಉಳಿಸಿಕೊಂಡ. ಅವನ ದಾರಿ ಹಿಡಿದ ಸ್ಕಾಟ್ಲೆಂಡಿನಲ್ಲಿ 1807ರಷ್ಟು ಈಚೆಗೂ ಗ್ಲಾಸ್ಗೋ ನಗರದ ದೇವಾಲಯವೊಂದರಲ್ಲಿ ಆರ್ಗನ್ ನುಡಿಸಿದ್ದು ದೊಡ್ಡ ವ್ಯಾಜ್ಯವಾಗಿ, ಹಿರಿಯರ ಸಭೆ ಅದನ್ನು ನಿಲ್ಲಿಸಿತು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1827ರಲ್ಲಿ ಮೆಥೊಡಿಸ್ಟರ ಮಂದಿರವೊಂದಕ್ಕೆ ಆರ್ಗನ್ ತರುವ ನಿರ್ಧಾರದಿಂದ ಸಭೆ ಒಡೆದು ಸಾವಿರಕ್ಕೂ ಹೆಚ್ಚು ಜನ ಹೊರನಡೆದರು. ಅಲ್ಲಿ ಒಳಗಿನ ಜಗಳ ನಾದದ ಬಗ್ಗೆ ಅಲ್ಲ. ಊರವರ ಮಾತು ನಡೆಯಬೇಕೋ ಮೇಲಿನ ಸಮ್ಮೇಳನದ ಮಾತು ನಡೆಯಬೇಕೋ ಎಂಬುದರ ಬಗ್ಗೆ.

ಕಾಲ ಈ ಕಟ್ಟುಗಳನ್ನೂ ಸಡಿಲಿಸಿತು. 1860ರ ದಶಕದಲ್ಲಿ ಎಡಿನ್‌ಬರೋದಲ್ಲಿ ಮೊದಲು ಹಾರ್ಮೋನಿಯಂ, ಅದರ ಬೆನ್ನಿಗೆ ಆರ್ಗನ್ ಒಳಬಂದವು. ಅದೇ ದಶಕದಲ್ಲಿ, 1866ರಲ್ಲಿ, ನಮ್ಮ ಬೆಂಗಳೂರಿನ ದಂಡುಪ್ರದೇಶದಲ್ಲಿ ಸ್ಕಾಟರಿಗಾಗಿ ಕಟ್ಟಿದ ಸೇಂಟ್ ಆಂಡ್ರೂಸ್ ದೇವಾಲಯ ತೆರೆಯಿತು. ಕಬ್ಬನ್ ರಸ್ತೆಯಲ್ಲಿ ಹೋಗುವಾಗ ಅದರ ಕೆಂಪು ಗೋಪುರವನ್ನು ನೀವು ನೋಡಿರುತ್ತೀರಿ. ಅಲ್ಲಿನ ಕೊಳವೆ ಆರ್ಗನ್ 1881ರದು. ಅಜ್ಜಂದಿರು ಪಾಪವೆಂದದ್ದು ಮೊಮ್ಮಕ್ಕಳಿಗೆ ಹೆಮ್ಮೆಯಾಯಿತು.

ಈಗ ನಮ್ಮ ಕನ್ನಡ ನೆಲದ ಕಡೆಗೆ ಬರೋಣ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ನಮ್ಮ ಕೋಲಾರದಲ್ಲಿ, 1876–78ರ ಬರದ ಅನಾಥ ಮಕ್ಕಳಿಗೆ ಮಿಸ್ ಆನ್‌ಸ್ಟೀ ಎಂಬಾಕೆ ನೆರಳಾದರು. 1890ರಲ್ಲಿ ಆ ಕಾರ್ಯ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ಸೇರಿತು. ಬಂದವರು ತಮ್ಮ ರಾಗಗಳನ್ನೂ ತಂದರು. ಕನ್ನಡದ ಮಾತುಗಳನ್ನು ಜರ್ಮನ್, ಇಂಗ್ಲಿಷ್ ಧಾಟಿಗಳಿಗೆ ಹೊಂದಿಸಿದರು. ಹ್ರಸ್ವ ದೀರ್ಘವಾಗಿ, ದೀರ್ಘ ಮುರಿದು, ಪದ ತನ್ನ ನಡಿಗೆಯನ್ನೇ ಮರೆಯುವ ಪ್ರಸಂಗಗಳು ಹೀಗೆ ಹುಟ್ಟಿದವು. ಇದನ್ನು ಮನಗಂಡವರೂ ಇದ್ದರು. 1853ರಲ್ಲಿ ಬಂದ ಕಿಟ್ಟೆಲರು ಕ್ರಿಸ್ತನ ಚರಿತೆಯನ್ನು ‘ಕಥಾಮಾಲೆ’ ಎಂಬ ಹೆಸರಿನಲ್ಲಿ ನಮ್ಮದೇ ಛಂದಸ್ಸಿನಲ್ಲಿ ಬರೆದು 1862ರಲ್ಲಿ ಪ್ರಕಟಿಸಿದರು; ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದವರೂ ಅವರೇ. ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು (1774–1864) ತಮಿಳಿನಲ್ಲಿ, ಪುರುಷೋತ್ತಮ ಚೌಧರಿಗಳು (1803–1890) ತೆಲುಗಿನಲ್ಲಿ, ಕರ್ನಾಟಕ ಸಂಗೀತದ ರಾಗತಾಳಗಳಲ್ಲಿಯೇ ಕ್ರಿಸ್ತನನ್ನು ಹಾಡಿದರು. ನಾನು ಚಾಪೆಯ ಮೇಲೆ ಕುಳಿತು ಕೇಳಿದ ತೆಲುಗು ಹಾಡುಗಳ ಹಿಂದೆ ಈ ಪರಂಪರೆ ಇತ್ತು.

ಹಾಡು ಒಳಬಂದಿತು, ವಾದ್ಯದ ಗತಿಯೇನು? ಇಲ್ಲಿಯೇ ಹಾರ್ಮೋನಿಯಮ್ಮಿನ ಕಥೆ ಬರುತ್ತದೆ. ಪ್ಯಾರಿಸಿನ ದೆಬೆಯ್ನ್ 1842ರಲ್ಲಿ ಹಕ್ಕು ಪಡೆದ ಈ ವಾದ್ಯ, ಆರ್ಗನ್ ಕೊಳ್ಳಲಾರದ ಬಡ ಮಂದಿರಗಳ ಆರ್ಗನ್ನಾಗಿ ಮಿಷನರಿಗಳೊಡನೆ ಭಾರತಕ್ಕೆ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ತಿದಿಯೊತ್ತಿ ನುಡಿಸುವಂತೆ ಮಾರ್ಪಡಿಸಿದರು. ಮುಂದೆ ಅದು ಹರಿಕಥೆಗೆ ಹೋಯಿತು, ಭಜನೆಗೆ ಹೋಯಿತು, ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳ ಪ್ರಾಣವಾಯಿತು. ನಾಟಕಶಾಲೆಯ ವಾದ್ಯವೆಂದು ಸಭಾಪಿತೃಗಳು ದೂರವಿಟ್ಟದ್ದನ್ನು ನೆನೆಯಿರಿ. ನಮ್ಮಲ್ಲಿ ಒಂದೇ ಪೆಟ್ಟಿಗೆ ಶನಿವಾರ ರಂಗದ ಮುಂದೆ, ಭಾನುವಾರ ವೇದಿಕೆಯ ಮುಂದೆ.

ಇನ್ನೊಂದು ಸಂಗತಿಯನ್ನು ಬಾನುಲಿಯಲ್ಲಿ ನಿಂತು ಹೇಳದಿದ್ದರೆ ತಪ್ಪಾದೀತು. ಗಮಕವನ್ನು ಹಿಡಿಯಲಾರದು, ಸ್ವರಗಳು ನಮ್ಮವಲ್ಲ, ವಾದ್ಯ ಪರದೇಶದ್ದು ಎಂದು ಹಾರ್ಮೋನಿಯಮ್ಮನ್ನು 1940ರ ಮಾರ್ಚ್ 1ರಿಂದ ಈ ಬಾನುಲಿಯೇ ಬಹಿಷ್ಕರಿಸಿತ್ತು. ಆ ಕಟ್ಟು ಸಡಿಲಗೊಂಡದ್ದು 1971ರಲ್ಲಿ. ಚರ್ಚು ತನ್ನದೆಂದು ಒಳಗೆ ತಂದದ್ದನ್ನು ಬಾನುಲಿ ಅನ್ಯವೆಂದು ಹೊರಗಿಟ್ಟಿತು. ಮಡಿವಂತಿಕೆ ಗುಡಿಚರ್ಚುಗಳ ಸೊತ್ತು ಮಾತ್ರವಲ್ಲ.

ಈಗ ಹೊಸ್ತಿಲಾಚೆ ನಿಂತ ತಮಟೆಗೆ ಹಿಂದಿರುಗುತ್ತೇನೆ. ಮಿಷನರಿಗಳಲ್ಲಿ ಅನೇಕರು ಊರಿನ ಚರ್ಮವಾದ್ಯಗಳನ್ನು ಗ್ರಾಮದೇವತೆಯ ಜಾತ್ರೆಗೂ ಬಲಿಗೂ ಹೊಂದಿದವೆಂದು ದೂರವಿಟ್ಟದ್ದು ನಿಜ. ಅದು ಕ್ಲೆಮೆಂಟನ ಕಾಲದ ಅಂಜಿಕೆಯೇ. ಆದರೆ ತಮಟೆ ಬಾರಿಸುತ್ತಿದ್ದವನಿಗೆ ಬೇರೊಂದು ಕಾರಣವಿತ್ತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ, ಸಾವಿಗೆ, ಡಂಗುರಕ್ಕೆ ತಮಟೆ ಬಾರಿಸುವುದು ಕಲೆಯಾಗಿರಲಿಲ್ಲ, ಬಿಟ್ಟಿಯಾಗಿತ್ತು. ಹುಟ್ಟಿದ ಕೇರಿಯೊಡನೆ ಅಂಟಿಬಂದ ಕರ್ತವ್ಯವಾಗಿತ್ತು. ಸತ್ತ ದನವನ್ನು ಹೊರುವವನೇ ಅದರ ಚರ್ಮ ಹದಮಾಡಬೇಕು, ಅವನೇ ಬಾರಿಸಬೇಕು, ಮತ್ತು ದೂರದಲ್ಲಿ ನಿಲ್ಲಬೇಕು. 1878ರ ಜುಲೈ 3ರಂದು ತೆಲುಗು ನಾಡಿನ ಒಂಗೋಲಿನ ಬಳಿ, ಗುಂಡ್ಲಕಮ್ಮ ನದಿಯಲ್ಲಿ, ಒಂದೇ ದಿನ 2222 ಮಂದಿ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಬಹುಪಾಲು ಮಾದಿಗರು. ಹಾಗೆ ಕ್ರೈಸ್ತರಾದವರು ಸತ್ತ ಪ್ರಾಣಿಯ ಮಾಂಸ ಬಿಟ್ಟರು. ಊರಹಬ್ಬಕ್ಕೆ ವಾದ್ಯ ಬಾರಿಸಲು ಒಲ್ಲೆವೆಂದರು. ಅದಕ್ಕಾಗಿ ಕೂಲಿ ಕಳೆದುಕೊಂಡರು, ಪೆಟ್ಟನ್ನೂ ತಿಂದರು. ಅವರ ಪಾಲಿಗೆ ತಮಟೆ ಕೆಳಗಿಡುವುದು ಬಿಡುಗಡೆಯ ಮೊದಲ ಹೆಜ್ಜೆ.

ನಮ್ಮೂರಿನ ಆ ಹಿರಿಯರನ್ನು ಬಹಳ ವರ್ಷಗಳ ಮೇಲೆ ನಾನು ಈ ವಿಷಯ ಕೇಳಿದೆ. ಅವರು ಗ್ರಂಥವನ್ನು ಹೇಳಲಿಲ್ಲ, ಮಿಷನರಿಗಳನ್ನೂ ಹೇಳಲಿಲ್ಲ. “ನಮ್ಮಪ್ಪನ್ನ ‘ಬಾರ್ಸೋ ಬಾರೋ’ ಅಂತ ಕರೀತಿದ್ರು ಸ್ವಾಮಿ, ಹೆಸರಿಡಿದು ಕರ್ದೋರಿಲ್ಲ. ಈ ಮನೆಯಾಗೆ ನನ್ನ ಹೆಸರಿಡಿದು ಕರೀತಾರೆ” ಎಂದರು. ನಾನು ಮತ್ತೇನೂ ಕೇಳಲಿಲ್ಲ.

ಈ ನಡುವೆ ಕಾಲವೂ ಸುಮ್ಮನಿರಲಿಲ್ಲ. ಕೆಥೋಲಿಕರಲ್ಲಿ ಹತ್ತನೆಯ ಪಯಸ್ ಪೋಪರು 1903ರ ಆಜ್ಞೆಯಲ್ಲಿ ಪಿಯಾನೋ, ನಗಾರಿ, ತಾಳಗಳನ್ನು ದೇವಾಲಯದಿಂದ ಹೊರಗಿಟ್ಟಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರ್ಗನ್ನಿಗೆ ಹಿರಿಮೆಯನ್ನು ಉಳಿಸಿಯೂ, ಆಯಾ ಜನಗಳ ಸಂಗೀತ ಸಂಪ್ರದಾಯಕ್ಕೂ ತಕ್ಕ ವಾದ್ಯಗಳಿಗೂ ಬಾಗಿಲು ತೆರೆಯಿತು. ಬೆಂಗಳೂರಿನಲ್ಲಿ 1967ರಲ್ಲಿ ಫಾದರ್ ಅಮಲೋರ್ಪವದಾಸರು ಸ್ಥಾಪಿಸಿದ ರಾಷ್ಟ್ರೀಯ ಕೇಂದ್ರ ಆರಾಧನೆಯನ್ನು ಭಾರತೀಯಗೊಳಿಸುವ ಪ್ರಯೋಗಗಳ ನೆಲೆಯಾಯಿತು. ಆದರೆ ಹಾಗೆ ಒಳಬಂದ ‘ಭಾರತೀಯ’ತೆ ಹೆಚ್ಚಾಗಿ ವೀಣೆ, ತಂಬೂರಿ, ಆರತಿಗಳದು, ಕೇರಿಯ ಚರ್ಮವಾದ್ಯ ಅಲ್ಲಿಯೂ ಹೊರಗೇ ಉಳಿಯಿತೆಂದು ದಲಿತ ಕ್ರೈಸ್ತ ಚಿಂತಕರು ಮುಂದೆ ಆಕ್ಷೇಪಿಸಿದರು. ಮದುರೆಯ ದೈವಜ್ಞಾನ ಶಾಲೆಯಲ್ಲಿ ಕಲಿಸುತ್ತಿದ್ದ ಥಿಯೋಫಿಲಸ್ ಅಪ್ಪಾವು (1940–2005) ಜಾನಪದ ಧಾಟಿಯನ್ನೂ ಪರೆಯನ್ನೂ ಆರಾಧನೆಯೊಳಕ್ಕೆ ತಂದವರು. ಇತ್ತ ನಮ್ಮ ಪಕ್ಕದ ಚಿಂತಾಮಣಿ ಸೀಮೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಸಂದಿತು. ಬಿಟ್ಟಿಯ ವಾದ್ಯ ಬಿರುದಿನ ವಾದ್ಯವಾಯಿತು.

ಹಾಗಾದರೆ ಆ ಹಿರಿಯರು ತಪ್ಪಿದರೆ? ತರುಣನೇ ಸರಿಯೆ? ನನಗೆ ಹಾಗೆನ್ನಿಸುವುದಿಲ್ಲ. ಕ್ಲೆಮೆಂಟನಿಂದ ಈ ಹಿರಿಯರವರೆಗೆ, ವಾದ್ಯವನ್ನು ಹೊರಗಿಟ್ಟವರಲ್ಲಿ ಹೆಚ್ಚಿನವರು ಅದರ ನಾದಕ್ಕೆ ಹೆದರಲಿಲ್ಲ. ನಾದದ ಹಿಂದೆ ಬರುವ ನೆನಪಿಗೆ ಹೆದರಿದರು. ಜ್ಯೂರಿಕ್ಕಿನವರು ಮರೆತ ಮೇಲೆ ಅಲ್ಲಿಗೆ ಆರ್ಗನ್ ಮರಳಿತು. ತಮಟೆಯ ನೆನಪು ಇನ್ನೂ ಹಸಿ. ಅದನ್ನು ಒಳಗೆ ಕರೆಯಬೇಕೋ ಬೇಡವೋ ಎಂಬುದನ್ನು ಹೇಳಬೇಕಾದವರು ಪಂಡಿತರಲ್ಲ, ನನ್ನಂಥ ನೆರೆಯವನೂ ಅಲ್ಲ. ಅದರ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡವರು, ಅವರ ಮಕ್ಕಳು.

ಕಳೆದ ಸಲ ಊರಿಗೆ ಹೋದಾಗ ಅದೇ ಮಂದಿರದ ಮುಂದೆ ಕ್ಷಣಕಾಲ ನಿಂತೆ. ಹಾರ್ಮೋನಿಯಮ್ಮಿನ ಸ್ಥಾನದಲ್ಲಿ ಕೀಬೋರ್ಡು ಇತ್ತು. ಹುಡುಗನೊಬ್ಬ ಅದರ ಗುಂಡಿಯೊಂದನ್ನು ಒತ್ತಿದ. ಹಾಡಿಗೆ ಸರಿಯಾಗಿ ತಮಟೆಯದೇ ಸದ್ದು ಕೇಳಿತು. ಒಳಗಿದ್ದ ಮುದುಕರು ಯಾರೂ ಎದ್ದು ನಿಲ್ಲಲಿಲ್ಲ. ಚಪ್ಪಾಳೆ ತಟ್ಟುತ್ತ ಹಾಡಿದರು. ಕೋಲನ್ನೂ ಚರ್ಮವನ್ನೂ ಹಿಡಿದು ಯಾರೂ ಬರಲಿಲ್ಲ. ಹೊರಗೋಡೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸಿದೆ. ಅಲ್ಲಿ ಏನೂ ಇರಲಿಲ್ಲ.